ಅಕ್ಕಸಾಲೆ ಕೋಣೆಯ ಕೋಳಿಮರಿಗಳು

ನಮ್ಮ ಮನೆಯಲ್ಲಿ ಮೊಟ್ಟೆಯನ್ನೂ ತಿನ್ನುವುದಿಲ್ಲ. ಆದರೂ ಹಿತ್ತಿಲಲ್ಲಿ ನಾಟಿ ಕೋಳಿಗಳಿವೆ. ಕಿಕ್ಕೇರಿಯಂಥ ಊರಿನಲ್ಲಿ ಇಂಥದ್ದನ್ನು ಮುಚ್ಚಿಡಲು ಆಗುವುದಿಲ್ಲ, ಹುಂಜವೇ ದಿನಾ ಬೆಳಿಗ್ಗೆ ಊರಿಗೆಲ್ಲ ಸಾರಿಬಿಡುತ್ತದೆ. ಆಚಾರ್ರು ಜನಿವಾರವನ್ನು ಮೊಳೆಗೆ ನೇತುಹಾಕಿ ಕೋಳಿ ಹಿಂದೆ ಹೊರಟಿದ್ದಾರೆ ಎಂದು ಟೀ ಅಂಗಡಿಯಲ್ಲಿ ಕೆಲವು ದಿನ ಆಡಿಕೊಂಡರು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಎರಡು ಸಲ ಜಗಳಕ್ಕೆ ಹೋದೆ, ಮೂರನೆಯ ಸಲ ಸುಮ್ಮನೆ ಬೇರೆ ಅಂಗಡಿಯಲ್ಲಿ ಟೀ ಕುಡಿಯಲು ಶುರುಮಾಡಿದೆ.

ಕೋಳಿಗಳು ನನ್ನವಲ್ಲ, ನನ್ನ ಹೆಂಡತಿಯವು. ನಾನು ಅಕ್ಕಸಾಲಿಗ, ಊರವರ ಬಾಯಲ್ಲಿ ಆಚಾರ್ರು. ಅಜ್ಜ, ಅಪ್ಪ ಕೂತಿದ್ದ ಮಣೆಯ ಮೇಲೆಯೇ ಕೂತು ಓಲೆ, ಮೂಗುತಿ, ತಾಳಿ ಮಾಡಿದವನು. ಈಗ ಎಲ್ಲರೂ ಕೆ.ಆರ್.ಪೇಟೆಗೋ ಮೈಸೂರಿಗೋ ಹೋಗಿ ಗಾಜಿನ ಅಂಗಡಿಯಲ್ಲಿ ರೆಡಿಮೇಡ್ ಒಡವೆ ತರುತ್ತಾರೆ. ನನ್ನ ಬಳಿಗೆ ಬರುವುದು ತುಂಡಾದ ಸರ, ತಿರುಪು ಕಳೆದುಹೋದ ಓಲೆ. ಕೆಲಸ ಇದ್ದ ಕಾಲದಲ್ಲಿ ಹೆಂಡತಿ ನನ್ನ ಜೊತೆಗೇ ಕೂತು ಕುಲುಮೆಯ ತಿದಿ ಒತ್ತಿದಳು, ಅಂಟುವಾಳದ ನೊರೆಯಲ್ಲಿ ಒಡವೆ ಉಜ್ಜಿ ಹೊಳಪು ಕೊಟ್ಟಳು. ಒಡವೆ ಚೆನ್ನಾಗಿದೆ ಎಂದವರು ಯಾರೂ ಅವಳ ಕಡೆ ತಿರುಗಿ ನೋಡಿದ್ದಿಲ್ಲ. ನಾನೂ ನೋಡಲಿಲ್ಲ, ನಿಜ ಹೇಳಬೇಕಲ್ಲ.

ಕೆಲಸ ನಿಂತ ಮೇಲೆ ಪಕ್ಕದ ಮನೆಯ ಅಕ್ಕನಿಂದ ಅವಳು ಒಂದು ಹೇಟೆ ಕೋಳಿ ತಂದಳು. ಅಕ್ಕ ಎಂದರೆ ನಮಗಿಂತ ಹತ್ತು ವರ್ಷ ದೊಡ್ಡ ಒಕ್ಕಲಿಗರ ಹೆಂಗಸು, ಚಿಕ್ಕಂದಿನಿಂದ ಕೋಳಿ ಸಾಕಿದವರು. ಒಂದು ಹೇಟೆ ಮೂರಾಯಿತು. ಅಕ್ಕನ ಜೊತೆ ಕೂತು ಕಾವಿಗೆ ಕೂರಿಸುವುದನ್ನು ಕಲಿತಳು, ಮೊಟ್ಟೆಯನ್ನು ಬಿಸಿಲಿಗೆ ಹಿಡಿದು ಒಳಗೆ ಜೀವ ಇದೆಯೋ ಇಲ್ಲವೋ ನೋಡುವುದನ್ನು ಕಲಿತಳು. ಒಂದು ದಿನ ಪೇಟೆಗೆ ಹೋದವಳು ತನ್ನ ಕೋಳಿಯ ದುಡ್ಡಿನಲ್ಲಿ ತನಗೊಂದು ಜೊತೆ ಚಪ್ಪಲಿ ತಂದಳು. ಯಾರನ್ನೂ ಕೇಳದೆ ಅವಳು ಕೊಂಡ ಮೊದಲ ವಸ್ತು ಅದು ಎಂದು ಆಗ ನನಗೆ ಹೊಳೆಯಲಿಲ್ಲ. ಹೊಸ ಚಪ್ಪಲಿ ಸದ್ದು ಮಾಡುತ್ತದೆ ಎಂದು ಮಾತ್ರ ಗೊಣಗಿದೆ.

ಮೊದಲ ಸಲ ದೊಡ್ಡದಾಗಿ ಇಪ್ಪತ್ತೈದು ಮರಿ ಮಾಡಿಸಿದಳು. ಎರಡು ತಿಂಗಳು ತುಂಬುವುದರೊಳಗೆ ಒಂದೊಂದೇ ರೆಕ್ಕೆ ಇಳಿಬಿಟ್ಟು, ಕಣ್ಣು ಮುಚ್ಚಿ, ಮೂಲೆ ಸೇರಿ ಸತ್ತವು. ಉಳಿದದ್ದು ಆರು. ಪಾಂಡವಪುರದಲ್ಲಿ ಮೇಷ್ಟರಾಗಿದ್ದು ನಿವೃತ್ತರಾದ ನಮ್ಮಣ್ಣನಿಗೆ ಈ ಸುದ್ದಿ ಮುಟ್ಟಿತು. ಕೋಳಿ ಸಾಕುವುದೇ ಅವನಿಗೆ ಸರಿಬಂದಿರಲಿಲ್ಲ. ಫೋನಿನಲ್ಲಿ ಜಾಡಿಸಿದ.

"ಸಾಕೋಕೆ ಬರ್ದೋರು ಯಾಕ್ಲಾ ಅವನ್ನ ತಂದು ಸಾಯಿಸ್ತೀರಿ? ನಮ್ಮ ಮನೇಲಿ ಈ ಪಾಪ ಬೇಕಾಗಿತ್ತಾ?"

ನಾನು ಎಲ್ಲರ ಮೇಲೂ ಎಗರುವವನು, ಅಣ್ಣನ ಮುಂದೆ ಮಾತ್ರ ಬೆಕ್ಕಿನ ಮರಿ. ಇನ್ನೊಂದು ಸಲ ನೋಡುತ್ತೇವೆ, ಈ ಸಲವೂ ಸತ್ತರೆ ಕೋಳಿ ಸಾಕುವುದನ್ನೇ ನಿಲ್ಲಿಸಿಬಿಡುತ್ತೇವೆ ಎಂದು ಮಾತು ಕೊಟ್ಟೆ. ಫೋನು ಇಟ್ಟು ತಿರುಗಿದರೆ ಹೆಂಡತಿ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು. ತಿರುಗಿ ಒಳಗೆ ಹೋದಳು.

ಎರಡನೆಯ ಸಲ ಮೂವತ್ತೊಂದು ಮರಿಗಳು ಹೊರಬಂದವು. ಹಿಂದಿನ ಸಲ ಮುಂಗುಸಿ ಕಾಟವೂ ಇದ್ದದ್ದರಿಂದ ಮರಿಗಳನ್ನು ರಾತ್ರಿಗೆ ಮಾತ್ರ ನಾನು ಒಡವೆ ಮಾಡುವ ಅಕ್ಕಸಾಲೆ ಕೋಣೆಯಲ್ಲಿ ಇಡುತ್ತಿದ್ದೆವು. ಈ ಸಲ ಮಳೆಗಾಲವೂ ಸೇರಿಕೊಂಡು ಹಗಲಿನಲ್ಲೂ ಮರಿಗಳು ಅಲ್ಲೇ ಇದ್ದವು. ಅಪ್ಪನ ಕಾಲದ ಸಗಣಿ ಸಾರಿಸಿದ ಮಣ್ಣಿನ ನೆಲ, ಒಂದೇ ಕಿಟಕಿ. ಅಕ್ಕಿ ಮಿಲ್ಲಿನಿಂದ ಭತ್ತದ ಹೊಟ್ಟು ತಂದು ಹಾಸಿದೆವು. ಮೇವು, ನೀರು ಅವಳದು. ನೆಲ ಗುಡಿಸುವುದು ನನ್ನದು. ಆ ಕೋಣೆಯಲ್ಲಿ ಪೊರಕೆ ಹಿಡಿಯುವವನು ನಾನೇ, ಮೊದಲಿನಿಂದಲೂ. ಯಾಕೆ ಎಂಬುದನ್ನು ಮುಂದೆ ಹೇಳುತ್ತೇನೆ.

ಎರಡು ತಿಂಗಳಾಗುತ್ತಿದ್ದಂತೆ ಹಿಂದಿನ ಸಲದ್ದೇ ಮತ್ತೆ ಶುರುವಾಯಿತು. ಮರಿಗಳು ಗಬಗಬ ತಿನ್ನುತ್ತಿದ್ದವು, ಮೈ ಮಾತ್ರ ಹತ್ತುತ್ತಿರಲಿಲ್ಲ. ಕೈಗೆತ್ತಿಕೊಂಡರೆ ಎದೆಮೂಳೆ ಅರದ ಅಂಚಿನ ಹಾಗೆ ಚುಚ್ಚುತ್ತಿತ್ತು. ಜುಟ್ಟು ಬಿಳಿಚಿಕೊಂಡಿತ್ತು, ಹಿಕ್ಕೆ ನೀರಾಗಿತ್ತು. ಒಂದು ಸತ್ತಿತು, ಮಾರನೆಯ ದಿನ ಇನ್ನೊಂದು. ಹೆಂಡತಿ ಬೇವಿನ ಸೊಪ್ಪು ಅರೆದು ಕೊಟ್ಟಳು, ಬೆಳ್ಳುಳ್ಳಿ ಜಜ್ಜಿ ನೀರಿಗೆ ಹಾಕಿದಳು. ಮೂರನೆಯದು ಸತ್ತ ಬೆಳಿಗ್ಗೆ ಅದನ್ನು ಮಡಿಲಲ್ಲಿಟ್ಟುಕೊಂಡು ಹಿತ್ತಿಲ ಕಲ್ಲಿನ ಮೇಲೆ ಕೂತಿದ್ದಳು. ಅಳುತ್ತಿರಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು, ಬೈಯಬಹುದಿತ್ತು.

ಪಕ್ಕದ ಮನೆಯ ಅಕ್ಕ ಬಂದು ನೋಡಿದರು. ಅವರ ಮನೆಯಲ್ಲಿ ಕೋಳಿ ಕುಯ್ಯುವಾಗ ಕರುಳಿನಲ್ಲಿ ಹುಳ ಸಿಗುವುದು ಅವರಿಗೆ ಗೊತ್ತಿತ್ತು. ನಾವು ಕೋಳಿಯ ಒಳಗನ್ನು ಜನ್ಮದಲ್ಲಿ ಕಂಡವರಲ್ಲ.

"ಆಚಾರ್ರೇ, ಅಂಗೆ ನೋಡ್ತಾ ಕುಂತ್ರೆ ಏನ್ ತಿಳೀತದೆ? ಸತ್ತಿರೋದನ್ನ ಸೀಳಿ ನೋಡಿ. ಒಳಗೆ ಏನೈತೆ ಅಂತ ಕಾಣ್ತದೆ" ಎಂದರು.

ತಾವೇ ಸೀಳುತ್ತೇನೆ ಎಂದೂ ಅಂದರು. ಹೆಂಡತಿ ನನ್ನ ಮುಖ ನೋಡಿದಳು. ಅಷ್ಟಕ್ಕೇ ನನಗೆ ಬಿಗುಮಾನ ಬಂತು. ಕೋಣೆಯಿಂದ ಸಣ್ಣ ಕತ್ತರಿ, ಚಿಮುಟ, ಕಣ್ಣಿಗೆ ಹಾಕುವ ಭೂತಗನ್ನಡಿ ತಂದೆ. ಹಳೆಯ ಹಲಗೆಯ ಮೇಲೆ ಬಾಳೆ ಎಲೆ ಹಾಸಿ ಕೂತೆ. ಅಕ್ಕ ಎಲ್ಲಿ ಕುಯ್ಯಬೇಕೆಂದು ತೋರಿಸಿದರು. ಮೊದಲ ಸಲ ಕತ್ತರಿ ಹಾಕುವುದಷ್ಟೇ ಕಷ್ಟವಾಯಿತು. ಆಮೇಲೆ ಕೆಲಸ ಕೆಲಸವೇ ಆಯಿತು. ಕರುಳನ್ನು ಉದ್ದಕ್ಕೆ ಬಿಡಿಸಿದರೆ ಒಳಗೆ ಬಿಳಿಯ ಹುಳಗಳು, ಎಳೆದ ಬೆಳ್ಳಿ ತಂತಿಯ ತುಂಡುಗಳ ಹಾಗೆ, ಕೆಲವು ಕಿರುಬೆರಳಿನಷ್ಟು ಉದ್ದ. ಅಷ್ಟು ಸಣ್ಣ ಮರಿಯ ಹೊಟ್ಟೆಯಲ್ಲಿ ಹದಿನಾಲ್ಕು ಎಣಿಸಿದೆ. ತಿಂದದ್ದೆಲ್ಲ ಎಲ್ಲಿಗೆ ಹೋಗುತ್ತಿತ್ತು ಎಂದು ಕೇಳುವುದೇ ಬೇಕಿರಲಿಲ್ಲ. ಹೆಂಡತಿ ಸೆರಗು ಬಾಯಿಗೆ ಹಿಡಿದು ಕೊನೆಯವರೆಗೂ ನಿಂತು ನೋಡಿದಳು. ನಾನು ಚಿಮುಟ, ಕತ್ತರಿಯನ್ನು ಬೆಂಕಿಗೆ ಹಿಡಿದು ಸ್ನಾನಕ್ಕೆ ಹೋದೆ.

ಶತ್ರು ಯಾರೆಂದು ಗೊತ್ತಾದ ಮೇಲೆ ನನಗೆ ಹುರುಪು ಬಂತು. ದನಕರುಗಳ ಔಷಧಿ ಅಂಗಡಿಯಿಂದ ಜಂತುಹುಳದ ಔಷಧಿ ತಂದೆ. ಕುಡಿಯುವ ನೀರಿಗೆ ಬೆರೆಸಿ ಇಡಿ ಎಂದು ಅಂಗಡಿಯವರು ಹೇಳಿದ್ದರು. ನನಗೆ ಅದು ಒಪ್ಪಿಗೆಯಾಗಲಿಲ್ಲ. ಯಾವ ಮರಿ ಎಷ್ಟು ಕುಡಿಯಿತು ಎಂದು ಹೇಗೆ ತಿಳಿಯಬೇಕು? ಜೀವಮಾನವೆಲ್ಲ ಗುಲಗಂಜಿ ತೂಕದಲ್ಲಿ ಬದುಕಿದವನು ನಾನು. ಒಂದೊಂದೇ ಮರಿಯನ್ನು ಬಟ್ಟೆಯಲ್ಲಿ ಸುತ್ತಿ ಚಿನ್ನದ ತಕ್ಕಡಿಯಲ್ಲಿಟ್ಟು ತೂಗಿದೆ. ತೂಕಕ್ಕೆ ಸರಿಯಾಗಿ ಲೆಕ್ಕ ಹಾಕಿ, ಔಷಧಿಯನ್ನು ಹನಿಹನಿಯಾಗಿ ಕೊಕ್ಕಿಗೆ ಬಿಟ್ಟೆ. ಹೆಂಡತಿ ಮರಿ ಹಿಡಿದುಕೊಡುತ್ತಿದ್ದಳು. ಎರಡು ಗಂಟೆ ಹಿಡಿಯಿತು. ಮಾರನೆಯ ದಿನ ಹಿಕ್ಕೆಯಲ್ಲಿ ಹುಳಗಳು ಬಿದ್ದಿದ್ದವು. ನಾನು ಅಕ್ಕನನ್ನು ಕರೆದು ತೋರಿಸಿದೆ, ಎದುರು ಮನೆಯವರನ್ನೂ ಕರೆದೆ. ಮೂಗುತಿ ಮಾಡಿಕೊಟ್ಟಾಗಲೂ ನಾನು ಅಷ್ಟು ಜಂಬ ಪಟ್ಟಿರಲಿಲ್ಲ.

ಮರಿಗಳು ಚೇತರಿಸಿಕೊಂಡವು. ಜುಟ್ಟಿಗೆ ಕೆಂಪು ಬಂತು. ಆದರೆ ಒಂದು ತಿಂಗಳು ಕಳೆಯುವುದರಲ್ಲಿ ಮತ್ತೆ ರೆಕ್ಕೆ ಜೋತುಬಿದ್ದವು. ಇನ್ನೂ ಮೂರು ಸತ್ತವು.

ಆಗ ನನ್ನ ತಲೆ ಕೆಟ್ಟಿತು. ಔಷಧಿ ಸರಿ, ತೂಕ ಸರಿ, ಹಾಗಿದ್ದರೆ ತಪ್ಪು ಬೇರೆ ಯಾರದ್ದೋ ಇರಬೇಕು. ಬೇರೆ ಯಾರು ಎಂದರೆ ಮನೆಯಲ್ಲಿ ಇದ್ದವಳು ಅವಳೊಬ್ಬಳೇ. ತಟ್ಟೆಯಲ್ಲಿ ಹಾಕದೆ ನೆಲದ ಮೇಲೆ ಅಕ್ಕಿ ನುಚ್ಚು ಎರಚುತ್ತೀಯ, ನೀರಿನ ಬಟ್ಟಲು ತೊಳೆಯುವುದಿಲ್ಲ, ಅಕ್ಕನ ಮನೆಯ ಕೋಳಿಗಳ ಜೊತೆ ಬಿಡುತ್ತೀಯ ಎಂದು ಬಾಯಿಗೆ ಬಂದದ್ದೆಲ್ಲ ಅಂದೆ. ಅವಳು ದಿನಕ್ಕೆರಡು ಸಲ ಬಟ್ಟಲು ತೊಳೆಯುತ್ತಿದ್ದದ್ದನ್ನು ನಾನೇ ಕಂಡಿದ್ದೆ. ಕೊನೆಗೆ, ಅಣ್ಣ ಹೇಳಿದ್ದು ಸರಿ, ಇದು ನಿನ್ನ ಕೈಲಾಗುವ ಕೆಲಸವಲ್ಲ ಎಂದೂ ಅಂದುಬಿಟ್ಟೆ. ಇದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ.

ಅವಳು ಪಶು ಆಸ್ಪತ್ರೆಗೆ ಹೋಗಿ ಕೇಳಿಕೊಂಡು ಬನ್ನಿ ಎಂದಳು, ಅಷ್ಟೇ. ಕೇಳುವುದು ನನಗೆ ಯಾವತ್ತೂ ಕಷ್ಟ. ಆದರೂ ಮಾರನೆಯ ಬೆಳಿಗ್ಗೆ ಹಸಿ ಹಿಕ್ಕೆಯನ್ನು ಎಲೆಯಲ್ಲಿ ಕಟ್ಟಿದೆ. ಎಲೆ ಸೋರಿತು. ಶುಚಿಯಾದ ಡಬ್ಬಿ ಹುಡುಕಿದರೆ ಸಿಕ್ಕಿದ್ದು ಓಲೆ ಹಾಕಿಕೊಡುವ ಕೆಂಪು ಪುಟ್ಟ ಡಬ್ಬಿ. ಅದರಲ್ಲೇ ತುಂಬಿಕೊಂಡು ಕೆ.ಆರ್.ಪೇಟೆ ಬಸ್ಸು ಹತ್ತಿದೆ. ಪಕ್ಕದ ಸೀಟಿನವನು, ಮಗಳಿಗೆ ಓಲೆಯಾ ಆಚಾರ್ರೇ ಎಂದು ಕೇಳಿದ. ಹೂಂ ಎಂದೆ.

ಡಾಕ್ಟರಮ್ಮ ನನ್ನ ಮಗಳ ವಯಸ್ಸಿನವರು. ಡಬ್ಬಿ ತೆರೆದು ನಕ್ಕರು, ಆಮೇಲೆ ಪ್ರಶ್ನೆ ಕೇಳಿದರು. ಹಿಕ್ಕೆಯಲ್ಲಿ ರಕ್ತ ಇತ್ತೇ ಎಂಬುದು ಮೊದಲ ಪ್ರಶ್ನೆ. ಇಲ್ಲ ಎಂದೆ. ರಕ್ತ ಇದ್ದಿದ್ದರೆ ಅದು ಬೇರೆ ಕಾಯಿಲೆ, ಈ ವಯಸ್ಸಿನ ಮರಿಗಳನ್ನು ಅದೂ ಹಿಡಿಯುತ್ತದೆ, ಅದಕ್ಕೆ ಹುಳದ ಔಷಧಿ ಏನೂ ಮಾಡುವುದಿಲ್ಲ, ಬೇರೆಯದೇ ಔಷಧಿ ಬೇಕು ಎಂದರು. ಹಿಕ್ಕೆಯನ್ನು ಕದಡಿ, ಗಾಜಿನ ಮೇಲೆ ಹನಿ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಿ ನನಗೂ ತೋರಿಸಿದರು. ಉದ್ದುದ್ದನೆಯ ಮೊಟ್ಟೆಗಳು, ಅಂಚು ದಪ್ಪ, ಒಂದರ ಪಕ್ಕ ಒಂದು. ಭೂತಗನ್ನಡಿ ಹಾಕಿಕೊಂಡೇ ಹಣ್ಣಾದ ಕಣ್ಣು ನನ್ನದು, ಇಷ್ಟು ದಿನ ಅವು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ತೂಕ ಹಾಕಿ ಔಷಧಿ ಕೊಟ್ಟದ್ದನ್ನು ಕೇಳಿ ಅವರು ಮೆಚ್ಚಿದರು. ಒಂದು ಸಲ ಸಾಲದು, ಎಳೆಯ ಹುಳಗಳು ಔಷಧಿಗೆ ಜಗ್ಗುವುದಿಲ್ಲ, ಕೆಲವು ವಾರ ಬಿಟ್ಟು ಮತ್ತೆ ಕೊಡಬೇಕು ಎಂದು ಬರೆದುಕೊಟ್ಟರು. ಆಮೇಲೆ ಇನ್ನೊಂದು ಮಾತು ಹೇಳಿದರು.

"ಔಷಧಿ ಹೊಟ್ಟೆಯೊಳಗಿರೋ ಹುಳಕ್ಕೆ. ನೆಲದ ಮೇಲೆ ಬಿದ್ದಿರೋ ಮೊಟ್ಟೆಗಳಿಗೆ ಅದೇನೂ ಮಾಡಲ್ಲ. ಅವು ತೇವದಲ್ಲಿ ಎರಡು ಮೂರು ವಾರ ಇದ್ದು ಹದಕ್ಕೆ ಬರ್ತವೆ, ಮರಿ ಕೆದಕಿ ಮತ್ತೆ ತಿನ್ನುತ್ತೆ. ಗುಡಿಸಿದ ಕಸ ಎಲ್ಲಿ ಹಾಕ್ತೀರಿ?"

ಹೊರಗೆ ಹಾಕುತ್ತೇನೆ ಎಂದೆ. ಸುಳ್ಳು. ಆ ಸುಳ್ಳನ್ನು ಯಾಕೆ ಹೇಳಿದೆ ಎಂದು ಬಸ್ಸಿನಲ್ಲಿ ಕೂತಾಗ ತಿಳಿಯಿತು. ಬಾಯಿ ಸುಳ್ಳು ಹೇಳುವ ಹೊತ್ತಿಗಾಗಲೇ ಮನಸ್ಸಿಗೆ ನಿಜ ಹೊಳೆದುಹೋಗಿತ್ತು.

ಅಕ್ಕಸಾಲಿಗರ ಕೋಣೆಯ ಕಸವನ್ನು ಹೊರಗೆ ಹಾಕುವುದಿಲ್ಲ. ಅರ ಹಾಕುವಾಗ, ಕತ್ತರಿಸುವಾಗ ಉದುರಿದ ಚಿನ್ನದ ಪುಡಿ ಆ ಕಸದಲ್ಲಿರುತ್ತದೆ. ದಿನಾ ಗುಡಿಸಿ, ಜರಡಿ ಹಿಡಿದು, ಸಣ್ಣ ಪುಡಿಯನ್ನು ಮೂಲೆಯಲ್ಲಿ ಗುಡ್ಡೆ ಹಾಕಬೇಕು. ವರ್ಷಕ್ಕೊಂದು ಸಲ ಕಸ ತೊಳೆದು ಚಿನ್ನ ತೆಗೆಯುವವರು ಬಂದು ಕೊಂಡುಹೋಗುತ್ತಿದ್ದರು. ಅವರು ಬಂದು ವರ್ಷಗಳೇ ಆದವು, ನಾನು ಚಿನ್ನಕ್ಕೆ ಅರ ಹಾಕಿಯೂ ಬಹಳ ಕಾಲವಾಯಿತು. ಆದರೂ ಕೈ ತನ್ನ ಕೆಲಸ ಬಿಟ್ಟಿರಲಿಲ್ಲ. ಪ್ರತಿದಿನ ಬೆಳಿಗ್ಗೆ ಹೊಟ್ಟು, ಹಿಕ್ಕೆ ಎಲ್ಲವನ್ನೂ ಗುಡಿಸುತ್ತಿದ್ದೆ, ಜರಡಿ ಹಿಡಿಯುತ್ತಿದ್ದೆ, ಪುಡಿಯನ್ನು ಮೂಲೆಯ ಗುಡ್ಡೆಗೆ ಸೇರಿಸುತ್ತಿದ್ದೆ, ಮೇಲುಳಿದ ಹೊಟ್ಟನ್ನು ಇನ್ನೂ ಚೆನ್ನಾಗಿದೆಯಲ್ಲ ಎಂದು ಮತ್ತೆ ನೆಲಕ್ಕೆ ಹಾಸುತ್ತಿದ್ದೆ. ಕಿಟಕಿಯ ಬಿಸಿಲು ಮುಟ್ಟದ ಆ ಮೂಲೆಯಲ್ಲಿ ಗುಡ್ಡೆ ಯಾವಾಗಲೂ ತೇವವಾಗಿರುತ್ತಿತ್ತು. ಮರಿಗಳು ಎಲ್ಲಕ್ಕಿಂತ ಹೆಚ್ಚು ಖುಷಿಯಿಂದ ಕೆದಕುತ್ತಿದ್ದದ್ದು ಅದನ್ನೇ. ಹಿಂದಿನ ಇಪ್ಪತ್ತೈದು ಮರಿಗಳು ಕೂಡ ರಾತ್ರಿ ಮಲಗಿದ್ದು ಅಲ್ಲೇ, ಬೆಳಿಗ್ಗೆ ಬಾಗಿಲು ತೆರೆಯುವ ತನಕ ಕೆದಕಿದ್ದೂ ಅದನ್ನೇ.

ಉಳಿದ ಇಪ್ಪತ್ತೈದರಲ್ಲಿ ಮುಂದೆ ಇನ್ನೆರಡು ಹೋದವು, ಇಪ್ಪತ್ತಮೂರು ಬದುಕಿದವು ಎಂದು ಈಗಲೇ ಹೇಳಿಬಿಡುತ್ತೇನೆ. ಎರಡನೆಯ ಸಲ ಔಷಧಿ ಕೊಟ್ಟೆವು, ಮೂರನೆಯದನ್ನು ಡಾಕ್ಟರಮ್ಮ ಹೇಳಿದ ದಿನಕ್ಕೆ ಕೊಟ್ಟೆವು. ನೆಲದಿಂದ ಮೊಳಕಾಲೆತ್ತರಕ್ಕೆ ಬಿದಿರ ತಡಿಕೆ ಕಟ್ಟಿ ಮರಿಗಳನ್ನು ಮಲಗಿಸಿದೆವು. ಹಿಕ್ಕೆ ಕೆಳಗೆ ಬೀಳುತ್ತದೆ, ಮರಿಗಳ ಕೊಕ್ಕಿಗೆ ಎಟುಕುವುದಿಲ್ಲ. ಔಷಧಿ ಕೊಟ್ಟ ಮೇಲೆ ಡಾಕ್ಟರಮ್ಮ ಹೇಳಿದಷ್ಟು ದಿನ ಹೆಂಡತಿ ಒಂದು ಕೋಳಿಯನ್ನೂ ಮಾರಲಿಲ್ಲ, ಕೇಳಿಕೊಂಡು ಬಂದವರನ್ನು ವಾಪಸ್ಸು ಕಳಿಸಿದಳು. ಇವೆಲ್ಲ ಆಮೇಲಿನ ಮಾತು. ನಾನು ಬರೆಯಬೇಕೆಂದು ಕೂತದ್ದು ನಾನು ಬಸ್ಸಿಳಿದು ಬಂದ ಆ ಮಧ್ಯಾಹ್ನದ ಬಗ್ಗೆ.

ಅವಳು ಹಿತ್ತಿಲಲ್ಲಿ ರಾಗಿ ಕೇರುತ್ತಿದ್ದಳು. ನಾನು ಅಂಗಿಯನ್ನೂ ತೆಗೆಯದೆ ಎದುರಿಗೆ ಕೂತು ಎಲ್ಲ ಹೇಳಿದೆ. ಹುಳದ ಮೊಟ್ಟೆ, ತೇವ, ಗುಡ್ಡೆ, ಜರಡಿ. ತಪ್ಪು ನಿನ್ನದಲ್ಲ, ನನ್ನದು ಎಂದೆ. ಮದುವೆಯಾದ ಮೇಲೆ ಆ ಮಾತನ್ನು ನಾನು ಮೊದಲ ಸಲ ಆಡಿದ್ದು. ಅವಳಿಗೆ ಆಶ್ಚರ್ಯವಾದೀತು, ಸಮಾಧಾನವಾದೀತು ಎಂದು ಕಾದೆ. ಅವಳು ಮೊರ ಕೆಳಗಿಟ್ಟಳು.

"ಮರಿ ಆ ಗುಡ್ಡೇಲೆ ಕೆದಕ್ತವೆ ಅಂತ ನಂಗೆ ಮೊದ್ಲೇ ಕಾಣ್ತಿತ್ತು" ಎಂದಳು.

ಹಾಗಿದ್ದರೆ ಯಾಕೆ ಎತ್ತಿ ಹಾಕಲಿಲ್ಲ ಎಂದು ಕೇಳಿದೆ. ದನಿ ಏರಿಯೇ ಇತ್ತು, ಅಭ್ಯಾಸ.

"ಮದ್ವೆಯಾಗಿ ಬಂದ ಮಾರ್ನೇ ದಿನ ಅತ್ತೆ ನನ್ ಕೈಯಿಂದ ಪೊರಕೆ ಇಸ್ಕೊಂಡ್ರು. ಈ ಕೋಣೆ ಕಸ ಹೊಸ್ಲು ದಾಟ್ಬಾರ್ದು, ನೀನು ಮುಟ್ಬೇಡ, ಹೊರಗ್ಲೋಳು ಕಳ್ದಾಕ್ಬುಡ್ತೀಯ ಅಂದ್ರು. ನೀವು ಅಲ್ಲೇ ಕುಂತಿದ್ರಿ. ಮೂವತ್ತೊಂದು ವರ್ಷ ತಿದಿ ಒತ್ತಿದೀನಿ ಅಲ್ಲಿ. ಇವತ್ತಿನ್ ಗಂಟ ಮುಟ್ಟು ಅಂತ ನೀವು ಒಂದ್ಸಲ ಅಂದಿದೀರಾ?"

ಅಮ್ಮ ಹಾಗೆ ಅಂದದ್ದು ನನಗೆ ನೆನಪೇ ಇರಲಿಲ್ಲ. ಅವಳಿಗೆ ಒಂದಕ್ಷರವೂ ಮರೆತಿರಲಿಲ್ಲ. ನಾನೇ ನಿಂತು ಎಲ್ಲ ತೆಗೆಸುತ್ತೇನೆ, ಕಸ ತೊಳೆಯುವವರನ್ನು ಹುಡುಕಿಸುತ್ತೇನೆ, ಅಪ್ಪನ ಕಾಲದಿಂದ ನೆಲಕ್ಕೆ ಇಳಿದ ಪುಡಿಯೂ ಇದೆ, ಒಂದು ವಾರ ಸಾಕು ಎಂದೆ. ಅವಳು ಎದ್ದು ನಿಂತಳು.

"ವಾರ ಅನ್ನೋದ್ರಲ್ಲಿ ಇನ್ನೆರಡು ಸಾಯ್ತವೆ. ಭಾವಂಗೆ ಮಾತು ಕೊಟ್ಟೋರು ನೀವು, ನಾನಲ್ಲ. ನಾನು ಕೋಳಿ ಬುಡಕ್ಕಿಲ್ಲ. ಅದ್ನ ನೀವೇ ಅವ್ರಿಗೆ ಹೇಳಿ."

ಅಲ್ಲೇ, ಅವಳ ಮುಂದೆಯೇ ಪಾಂಡವಪುರಕ್ಕೆ ಫೋನು ಮಾಡಿದೆ. ಕೋಳಿ ಅವಳವು, ನಿಲ್ಲಿಸುತ್ತೇವೆ ಎಂದು ನಾನು ಹೇಳಿದ್ದು ತಪ್ಪು, ಮರಿ ಸತ್ತದ್ದೂ ನನ್ನಿಂದಲೇ ಎಂದು ಅಣ್ಣನಿಗೆ ಹೇಳಿದೆ. ಅವನು, ಏನಾದ್ರೂ ಮಾಡ್ಕೋ ಹೋಗ್ಲಾ ಎಂದು ಫೋನಿಟ್ಟ.

ನಾನು ಒಳಗೆ ಬರುವಷ್ಟರಲ್ಲಿ ಅವಳು ಸೆರಗು ಸಿಕ್ಕಿಸಿ ಗುದ್ದಲಿ ಹಿಡಿದಿದ್ದಳು. ಗುಡ್ಡೆಯನ್ನಷ್ಟೇ ತೆಗೆಯುತ್ತಾಳೆ ಎಂದುಕೊಂಡಿದ್ದೆ. ಅವಳು ನೆಲವನ್ನೇ ಅಗೆಯತೊಡಗಿದಳು, ಒಂದು ಗೇಣು ಆಳಕ್ಕೆ, ಗೋಡೆಯ ಕಡೆಯಿಂದ ನನ್ನ ಮಣೆಯ ಕಡೆಗೆ. ಹಿತ್ತಿಲ ತಿಪ್ಪೆಗೆ ಹಾಕಿದರೆ ಕೋಳಿಗಳು ಮತ್ತೆ ಕೆದಕುತ್ತವೆ ಎಂದು ಅಕ್ಕ ತಮ್ಮ ಕಬ್ಬಿನ ಗದ್ದೆಯ ಮೂಲೆಯಲ್ಲಿ ಗುಂಡಿ ತೋರಿಸಿದರು. ಈ ಸಲ ನಮ್ಮ ಕಬ್ಬು ಮಾಕವಳ್ಳಿ ಫ್ಯಾಕ್ಟರಿಗೆ ಹೋದರೆ ಚಿನ್ನದ ಸಕ್ಕರೆಯೇ ಬರುತ್ತದೆ ಎಂದು ನಗಿಸಲು ನೋಡಿದರು. ನನಗೆ ನಗು ಬರಲಿಲ್ಲ. ಅವಳು ಮಂಕರಿಗೆ ತುಂಬಿದಳು, ನಾನು ಹೊತ್ತೆ. ಎಷ್ಟು ಮಂಕರಿ ಎಂದು ಲೆಕ್ಕ ಇಡಲಿಲ್ಲ.

ಅಪ್ಪನ ಮಣೆಯ ಕೆಳಗಿನ ಮಣ್ಣಿಗೆ ಬಂದಾಗ ನನಗೆ ಅಳು ತಡೆಯಲಾಗಲಿಲ್ಲ. ಖಾಲಿ ಮಂಕರಿ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟೆ. ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ಮಣೆಯನ್ನು ಎತ್ತಿ ಗೋಡೆಗೆ ಒರಗಿಸಿ, ಅಲ್ಲಿಯೂ ಗುದ್ದಲಿ ಹಾಕಿದಳು.